ಬಿಟ್ಟ ಮೀನೂ ಲೆಕ್ಕಕ್ಕೆ ಬರಬೇಕು

(ಮೀನುಗಾರಿಕೆಯ ನಿರ್ವಹಣೆ ಕುರಿತು ಕೊಟ್ಟ ಉಪನ್ಯಾಸದ ಬರಹ ರೂಪ. ಬರಹಕ್ಕೆ ಇಳಿಸುವಾಗ ಮಾತು ಕೊಂಚ ಹಿಂದುಮುಂದಾಗಿದೆ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಒಂದು ವಿಷಯ ಗಮನಿಸಿದೆ. ಬಲೆ ಹಾಕಿ ಮೀನು ಹಿಡಿದು ಹೊಟ್ಟೆ ಹೊರೆಯುವವರು ಎಡಗಡೆ ಕೂತಿದ್ದೀರಿ. ರಜೆ ಬಂದರೆ ಗಾಳ ಹಿಡಿದು ಹೊರಡುವವರು ಬಲಗಡೆ. ಹೀಗೆ ಕೂತುಕೊಳ್ಳಿ ಅಂತ ಯಾರೂ ಹೇಳಿಲ್ಲ. ನಡುವಿನ ಎರಡು ಸಾಲು ಖಾಲಿ ಇದೆ. ಮೀನಿನ ಮಾತು ಬಂದಲ್ಲೆಲ್ಲ ಹೀಗೇ ಆಗುತ್ತದೆ.

ಎರಡೂ ಕಡೆಯ ದೂರು ನನಗೆ ಬಾಯಿಪಾಠ. ಗಾಳದವರು ಹೇಳುತ್ತಾರೆ: "ನಾವು ದಿನಕ್ಕೆ ಎರಡು ಮೀನು ಹಿಡಿದರೆ ಅದೇ ಜಾಸ್ತಿ. ಅವರು ಒಂದು ಸಲ ಬಲೆ ಎಳೆದರೆ ಟನ್‌ಗಟ್ಟಲೆ ಬರುತ್ತದೆ. ಮೀನು ಖಾಲಿ ಮಾಡಿದ್ದು ಯಾರು ಅಂತ ಕೇಳಬೇಕಾ?" ಬಲೆಯವರು ಹೇಳುತ್ತಾರೆ: "ನಮಗೆ ಲೈಸೆನ್ಸ್ ಇದೆ, ಕೋಟಾ ಇದೆ, ದಡಕ್ಕೆ ಬಂದ ಕೂಡಲೇ ತೂಕ ಹಾಕುತ್ತಾರೆ. ಅವರು ಎಷ್ಟು ಜನ, ಎಷ್ಟು ಹಿಡಿದರು, ಯಾರಿಗೆ ಗೊತ್ತು?"

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಮಗೆ ಕಂಡಷ್ಟನ್ನು ಹೇಳುತ್ತಿದ್ದಾರೆ.

ದೊಡ್ಡ ಹಡಗುಗಳು ಮಾಡಿದ ಹಾನಿಯನ್ನು ಯಾರೂ ಮರೆಮಾಚುವಂತಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಶತಮಾನಗಳ ಕಾಲ ಹಿಡಿದರೂ ಮುಗಿಯದ ಕಾಡ್ ಮೀನು ದೊಡ್ಡ ಟ್ರಾಲರುಗಳು ಬಂದ ಮೇಲೆ ಕೆಲವೇ ದಶಕಗಳಲ್ಲಿ ನೆಲಕಚ್ಚಿತು. 1992ರಲ್ಲಿ ಸರ್ಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಿತು. 30 ಸಾವಿರಕ್ಕೂ ಹೆಚ್ಚು ಜನ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ನಿಷೇಧ ತೆರವಾಗಿದ್ದು 2024ರಲ್ಲಿ. ಹುಟ್ಟಿದ ಮಗು ಬೆಳೆದು ಮಕ್ಕಳ ತಂದೆಯಾಗುವಷ್ಟು ಕಾಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ, ಅದು ಗಮನಿಸುತ್ತಿರುವ ಸಮುದ್ರ ಮೀನಿನ ಸಂತತಿಗಳ (ಅಂದರೆ ಒಂದೊಂದು ಪ್ರದೇಶದ ಒಂದೊಂದು ಜಾತಿಯ ಮೀನಿನ ಗುಂಪುಗಳ) ಪೈಕಿ ಶೇ. 37.7ರಷ್ಟನ್ನು ಮಿತಿ ಮೀರಿ ಹಿಡಿಯಲಾಗಿದೆ. 1974ರಲ್ಲಿ ಇದು ಶೇ. 10 ಇತ್ತು. ಇದರಲ್ಲಿ ದೊಡ್ಡ ಪಾಲು ಬಲೆಯದ್ದೇ.

ಹಾಗಂತ ಗಾಳದ ಪಾಲು ಸಣ್ಣದು ಅಂದುಕೊಳ್ಳುವ ಹಾಗಿಲ್ಲ. ವಿಶ್ವಬ್ಯಾಂಕ್ 2012ರಲ್ಲಿ ಅಂದಾಜು ಮಾಡಿದಾಗ ಜಗತ್ತಿನಲ್ಲಿ ಹವ್ಯಾಸಕ್ಕೆ ಮೀನು ಹಿಡಿಯುವವರು ಕಡಿಮೆ ಅಂದರೂ 22 ಕೋಟಿ. ಒಬ್ಬೊಬ್ಬರದ್ದು ಎರಡೇ ಮೀನು ಇರಬಹುದು. ಹನಿ ಹನಿ ಕೂಡಿದರೆ ಹಳ್ಳ.

2004ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಒಂದು ಲೆಕ್ಕ ಮುಂದಿಟ್ಟರು. 2002ರಲ್ಲಿ ಆ ದೇಶದಲ್ಲಿ ದಡಕ್ಕೆ ಬಂದ ಒಟ್ಟು ಸಮುದ್ರ ಮೀನಿನಲ್ಲಿ ಹವ್ಯಾಸಿಗಳ ಪಾಲು ಬರೀ ಶೇ. 4. ಗಾಳದವರಿಗೆ ಇದು ಖುಷಿ ಕೊಡುವ ಅಂಕಿ. ಆದರೆ ಆ ಒಟ್ಟು ಮೊತ್ತದಲ್ಲಿ ಪೊಲಾಕ್, ಮೆನ್‌ಹೇಡನ್‌ನಂಥ ಮೀನುಗಳಿವೆ. ಅವನ್ನು ದೊಡ್ಡ ಹಡಗುಗಳು ಲಕ್ಷಾಂತರ ಟನ್ ಎತ್ತುತ್ತವೆ. ಗಾಳದವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅವನ್ನು ಬದಿಗಿಟ್ಟು ಎಣಿಸಿದರೆ ಹವ್ಯಾಸಿಗಳ ಪಾಲು ಶೇ. 10 ಆಯಿತು. ಸೊರಗಿದ, ಕಾಳಜಿ ಬೇಕಾದ ಸಂತತಿಗಳನ್ನಷ್ಟೇ ತೆಗೆದುಕೊಂಡರೆ ಶೇ. 23. ಮೆಕ್ಸಿಕೋ ಕೊಲ್ಲಿಯ ಅಂಥ ಸಂತತಿಗಳನ್ನು ಮಾತ್ರ ನೋಡಿದರೆ ಶೇ. 64.

ಅದೇ ಸಮುದ್ರ, ಅದೇ ವರ್ಷ. ಎಲ್ಲಿ ನಿಂತು ಎಣಿಸುತ್ತೀರಿ ಅನ್ನುವುದರ ಮೇಲೆ 4 ಕೂಡ ನಿಜ, 64 ಕೂಡ ನಿಜ. ನೀವು ವಾದಕ್ಕೆ ಕೂತಾಗ ಇಬ್ಬರ ಕೈಯಲ್ಲೂ ಒಂದೊಂದು ನಿಜವಾದ ಅಂಕಿ ಇರುತ್ತದೆ. ಜಗಳ ಮುಗಿಯದೇ ಇರುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಇನ್ನೂ ಆಳದ್ದು. ಇಬ್ಬರಿಗೂ ಬೇಕಾದದ್ದು ಒಂದೇ ಅಲ್ಲ. ವೃತ್ತಿಯವರಿಗೆ ಬೇಕಾದದ್ದು ತೂಕ. ವರ್ಷಕ್ಕೆ ಇಷ್ಟು ಟನ್ ಖಚಿತವಾಗಿ ಸಿಕ್ಕರೆ, ಡೀಸೆಲ್ ಖರ್ಚು ಕಡಿಮೆಯಾದರೆ, ಅವರ ಬದುಕು ನಡೆಯುತ್ತದೆ. ಹವ್ಯಾಸಿಗೆ ಬೇಕಾದದ್ದು ದಿನ. ನೀರಿನ ಮೇಲೆ ಕಳೆಯುವ ದಿನ, ಗಾಳಕ್ಕೆ ಆಗಾಗ ಎಳೆತ ಸಿಗುವ ದಿನ, ಒಮ್ಮೆಯಾದರೂ ದೊಡ್ಡ ಮೀನು ಸಿಕ್ಕೀತು ಅನ್ನುವ ಆಸೆಯ ದಿನ. ತೂಕ ಅವನಿಗೆ ಎರಡನೆಯ ಮಾತು. ನೀರಿನಲ್ಲಿ ಮೀನು ದಟ್ಟವಾಗಿ ಉಳಿದಿದ್ದರೆ ಅವನ ದಿನ ಸಾರ್ಥಕ. ಇವರಿಬ್ಬರ ನಡುವೆ "ನಿನಗೆ 51, ನನಗೆ 49" ಅಂತ ಗೆರೆ ಎಳೆದ ಮಾತ್ರಕ್ಕೆ ನ್ಯಾಯ ಆಗಿಬಿಡುವುದಿಲ್ಲ.

ಈ 51, 49 ಸುಮ್ನೆ ಬಾಯಿಗೆ ಬಂದ ಅಂಕಿಗಳಲ್ಲ. ಮೆಕ್ಸಿಕೋ ಕೊಲ್ಲಿಯ ರೆಡ್ ಸ್ನ್ಯಾಪರ್ ಮೀನನ್ನು 1990ರ ಹೊತ್ತಿಗೆ ಹೀಗೇ ಹಂಚಿದ್ದರು. ವೃತ್ತಿಯವರಿಗೆ ಶೇ. 51, ಹವ್ಯಾಸಿಗಳಿಗೆ ಶೇ. 49. ಈ ಮೀನಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ವಿಷಯದ ಎಲ್ಲ ಗಂಟುಗಳೂ ಇದೊಂದರಲ್ಲೇ ಸಿಗುತ್ತವೆ.

ರೆಡ್ ಸ್ನ್ಯಾಪರ್ 50 ವರ್ಷಕ್ಕೂ ಹೆಚ್ಚು ಬದುಕಬಲ್ಲ ಮೀನು. ಕೆಂಪು ಬಣ್ಣ, ಒಳ್ಳೆ ರುಚಿ, ಒಳ್ಳೆ ಬೆಲೆ. ಗಾಳಕ್ಕೆ ಸಿಕ್ಕರೆ ಚೆನ್ನಾಗಿ ಎಳೆದಾಡುತ್ತದೆ ಕೂಡ. ಹಾಗಾಗಿ ಇಬ್ಬರಿಗೂ ಬೇಕು. ಇವರಿಬ್ಬರೂ ಸಾಲದು ಅಂತ ಮೂರನೆಯವರೂ ಇದ್ದರು. ಅವರು ಸೀಗಡಿ ಬೋಟಿನವರು. ಅವರಿಗೆ ಸ್ನ್ಯಾಪರ್ ಬೇಡ. ಆದರೆ ಸೀಗಡಿಗೆ ಎಳೆಯುವ ಟ್ರಾಲ್ ಬಲೆಗೆ ಬೆರಳುದ್ದದ ಸ್ನ್ಯಾಪರ್ ಮರಿಗಳು ರಾಶಿ ರಾಶಿ ಬೀಳುತ್ತಿದ್ದವು. ಅವನ್ನು ಸತ್ತ ಮೇಲೆ ವಾಪಸ್ ಎಸೆಯುತ್ತಿದ್ದರು. 1998ರಲ್ಲಿ ಸೀಗಡಿ ಬಲೆಗಳಿಗೆ ಮರಿ ತಪ್ಪಿಸಿಕೊಂಡು ಹೋಗುವ ಕಿಂಡಿ ಕಡ್ಡಾಯ ಮಾಡಿದರು. ನೋಡಿ, ದೊಡ್ಡ ಮೀನಿಗಾಗಿ ಇಬ್ಬರು ಕಿತ್ತಾಡುತ್ತಿದ್ದಾಗ ಮರಿಗಳು ಮೂರನೆಯವರ ಬಲೆಯಲ್ಲಿ ಸಾಯುತ್ತಿದ್ದವು.

ವೃತ್ತಿಯವರ ಕಡೆ ಆಗ ಓಟದ ಪಂದ್ಯ ನಡೆಯುತ್ತಿತ್ತು. ಎಲ್ಲರಿಗೂ ಸೇರಿ ಒಂದು ಕೋಟಾ. ಅದು ಮುಗಿಯುವ ಮೊದಲು ಎಷ್ಟು ಬಾಚಿಕೊಂಡರೆ ಅಷ್ಟು. ತಿಂಗಳ ಮೊದಲ ಹತ್ತು ದಿನ ಬಾಗಿಲು ತೆರೆದರೆ ಆ ಹತ್ತು ದಿನ ಬಿರುಗಾಳಿ ಇದ್ದರೂ ಹೊರಡಬೇಕು. ಎಲ್ಲರ ಮೀನೂ ಒಂದೇ ಸಲ ಬಂದು ಬೆಲೆ ಬೀಳುತ್ತಿತ್ತು. 2007ರಲ್ಲಿ ಇದನ್ನು ಬದಲಿಸಿ ಒಬ್ಬೊಬ್ಬ ಮೀನುಗಾರನಿಗೆ ಅವನದ್ದೇ ಪಾಲು ಅಂತ ಕೊಟ್ಟರು. ಆ ಪಾಲನ್ನು ವರ್ಷದಲ್ಲಿ ಯಾವಾಗ ಬೇಕಾದರೂ ಹಿಡಿಯಬಹುದು, ಮಾರಬಹುದು, ಗುತ್ತಿಗೆಗೂ ಕೊಡಬಹುದು. ಬದಲಿಗೆ ಬೋಟಿನಲ್ಲಿ ಜಾಡು ಹಿಡಿಯುವ ಯಂತ್ರ ಇರಬೇಕು. ದಡಕ್ಕೆ ಬರುವ ಕನಿಷ್ಠ 3 ಗಂಟೆ ಮೊದಲು ತಿಳಿಸಬೇಕು. ಓಟ ನಿಂತಿತು. ಮೀನಿನ ಲೆಕ್ಕ ಬಿಗಿಯಾಯಿತು.

ಹವ್ಯಾಸಿಗಳ ಕಡೆ ಏನಾಯಿತು? ಅದೇ 2007ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಹತೋಟಿಯಲ್ಲಿರುವ ನೀರಿನಲ್ಲಿ ಅವರಿಗೆ 194 ದಿನ ಹಿಡಿಯಲು ಅವಕಾಶ ಇತ್ತು. 2013ಕ್ಕೆ ಅದು 42 ದಿನಕ್ಕೆ ಇಳಿಯಿತು. 2014ರಲ್ಲಿ 9 ದಿನ. 2017ರಲ್ಲಿ ಸ್ವಂತ ಬೋಟಿನವರಿಗೆ ಮೊದಲು ಘೋಷಿಸಿದ್ದು 3 ದಿನ. ವರ್ಷಕ್ಕೆ 3 ದಿನ! ಜನ ಸಿಟ್ಟಾಗದೇ ಇರುತ್ತಾರಾ? ಆಮೇಲೆ 39 ದಿನ ಸೇರಿಸಿದರು, ಆ ಮಾತು ಬೇರೆ.

ಇದರಲ್ಲಿ ನನ್ನ ಮನಸ್ಸಿಗೆ ತುಂಬ ನಾಟಿದ್ದು ಇನ್ನೊಂದು. ಈ ದಿನಗಳು ಕುಸಿಯುತ್ತಿದ್ದ ಅದೇ ಕಾಲದಲ್ಲಿ ಮೀನು ಚೇತರಿಸಿಕೊಳ್ಳುತ್ತಿತ್ತು. ಒಟ್ಟು ಹಿಡಿಯಬಹುದಾದ ಮಿತಿ 2008ರಲ್ಲಿ 50 ಲಕ್ಷ ಪೌಂಡ್ ಇದ್ದದ್ದು 2015ರಲ್ಲಿ 1 ಕೋಟಿ 40 ಲಕ್ಷ ಪೌಂಡ್ ದಾಟಿತು. ಮೀನು ಜಾಸ್ತಿ, ಕೋಟಾ ಜಾಸ್ತಿ, ದಿನ ಮಾತ್ರ ಕಡಿಮೆ. ಇದು ಹೇಗೆ?

ನಿಧಾನವಾಗಿ ಯೋಚಿಸಿದರೆ ಅರ್ಥವಾಗುತ್ತದೆ. ಮೀನು ಚೇತರಿಸಿಕೊಂಡರೆ ಸುಲಭವಾಗಿ ಸಿಗುತ್ತದೆ. ಹಿಂದೆ ದಿನವೆಲ್ಲ ಕಾದರೆ ಸಿಗುತ್ತಿದ್ದದ್ದು ಈಗ ಬೆಳಿಗ್ಗೆಯೇ ಸಿಗುತ್ತದೆ. ಸಿಗುವ ಮೀನು ದೊಡ್ಡದೂ ಆಗಿರುತ್ತದೆ. ಹಾಗಾಗಿ ತಲೆಗೆ ಎರಡೇ ಮೀನು ಅಂದರೂ ತೂಕ ಏರುತ್ತದೆ. ಮೀನು ಚೆನ್ನಾಗಿ ಸಿಗುತ್ತಿದೆ ಅಂತ ಗೊತ್ತಾದರೆ ಮನೆಯಲ್ಲಿದ್ದವರೂ ಬೋಟು ಹೊರಡಿಸುತ್ತಾರೆ. ಒಬ್ಬನಿಗೆ ದಿನಕ್ಕೆ ಎರಡು ಅಂತ ಮಿತಿ ಹಾಕಿದ್ದೇವೆ. ಎಷ್ಟು ಜನ ಬರಬಹುದು ಅನ್ನುವುದಕ್ಕೆ ಮಿತಿ ಇಲ್ಲ. ಕೋಟಾ ಬೇಗ ತುಂಬುತ್ತದೆ, ಬಾಗಿಲು ಬೇಗ ಮುಚ್ಚುತ್ತದೆ. ಇದರ ಜೊತೆಗೆ ಕರಾವಳಿ ರಾಜ್ಯಗಳು ತಮ್ಮ ತಮ್ಮ ನೀರಿನಲ್ಲಿ ಹೆಚ್ಚು ದಿನ ತೆರೆದಿಟ್ಟವು. ಅಲ್ಲಿ ಹಿಡಿದದ್ದೂ ಅದೇ ಕೋಟಾದಿಂದ ಕಳೆಯಿತು. ಹಿಂದಿನವರು ಪಟ್ಟ ಕಷ್ಟದ ಫಲ ನೀರಿನಲ್ಲಿ ಕಣ್ಣಿಗೆ ಕಾಣುತ್ತಿದೆ, ಕೈ ಹಾಕುವಂತಿಲ್ಲ. ಗಾಳದವರ ಆ ನೋವನ್ನು ನಾನು ಹಗುರವಾಗಿ ನೋಡುವುದಿಲ್ಲ.

ಆಗ ಹೊಸ ಪ್ರಸ್ತಾಪ ಬಂತು. ಹವ್ಯಾಸಿಗಳಿಗೆ ಶೇ. 51.5, ವೃತ್ತಿಯವರಿಗೆ ಶೇ. 48.5 ಮಾಡೋಣ ಅಂತ. ವೃತ್ತಿಯವರು ಕೋರ್ಟಿಗೆ ಹೋದರು. 2017ರಲ್ಲಿ ಕೋರ್ಟು ಆ ಬದಲಾವಣೆಯನ್ನು ತಳ್ಳಿಹಾಕಿತು. ಶೇಕಡಾ ಎರಡೂವರೆಗಾಗಿ ವರ್ಷಗಟ್ಟಲೆ ಹೋರಾಟ. ಆ ಎರಡೂವರೆ ಸಿಕ್ಕಿದ್ದರೂ ಹವ್ಯಾಸಿಗಳಿಗೆ ಸಿಗುತ್ತಿದ್ದದ್ದು ಒಂದೆರಡು ದಿನ ಅಷ್ಟೇ.

ನಿಜವಾಗಿ ದಾರಿ ತೆರೆದದ್ದು ಬೇರೆ ಕಡೆಯಿಂದ. ರಾಜ್ಯಗಳು ತಮ್ಮ ಹವ್ಯಾಸಿಗಳ ಮೀನನ್ನು ತಾವೇ ಎಣಿಸಲು ಶುರುಮಾಡಿದವು. ಮಿಸಿಸಿಪ್ಪಿ ರಾಜ್ಯ 2015ರಲ್ಲಿ ಮಾಡಿದ ಏರ್ಪಾಡು ನನಗೆ ತುಂಬ ಇಷ್ಟ. ಸ್ನ್ಯಾಪರ್ ಹಿಡಿಯಲು ಹೊರಡುವ ಮೊದಲು ಫೋನಿನಲ್ಲಿ "ಹೊರಟಿದ್ದೇನೆ" ಅಂತ ದಾಖಲಿಸಬೇಕು. ಬಂದ ಮೇಲೆ ಎಷ್ಟು ಹಿಡಿದೆ ಅಂತ ಬರೆದು ಆ ಪ್ರಯಾಣ ಮುಗಿಸಬೇಕು. ಹಿಂದಿನದನ್ನು ಮುಗಿಸದೆ ಮುಂದಿನದಕ್ಕೆ ಅನುಮತಿ ಇಲ್ಲ. ಎರಡು ನಿಮಿಷದ ಕೆಲಸ. 2018ರಲ್ಲಿ ಪ್ರಯೋಗವಾಗಿ, 2020ರಿಂದ ಕಾಯಂ ಆಗಿ, ಸ್ವಂತ ಬೋಟಿನವರ ದಿನಗಳನ್ನು ನಿರ್ಧರಿಸುವ ಹೊಣೆ ಕೊಲ್ಲಿಯ ದಡದ ಐದು ರಾಜ್ಯಗಳಿಗೇ ಬಂತು. ಎಣಿಕೆ ನಂಬುವ ಹಾಗಿದ್ದರೆ ದಿನ ಹೆಚ್ಚು ಕೊಡಲು ಧೈರ್ಯ ಬರುತ್ತದೆ. ಎಣಿಕೆ ಇಲ್ಲದಿದ್ದರೆ ಅಧಿಕಾರಿ ಹೆದರಿ ಮೊದಲೇ ಬಾಗಿಲು ಹಾಕುತ್ತಾನೆ.

ಎಣಿಕೆ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಅಲ್ಲಿಯದ್ದೇ ಉದಾಹರಣೆ ಇದೆ. ಹವ್ಯಾಸಿಗಳು ಎಷ್ಟು ಸಲ ಮೀನಿಗೆ ಹೋದರು ಅಂತ ತಿಳಿಯಲು ಮೊದಲೆಲ್ಲ ಕರಾವಳಿಯ ಮನೆಗಳಿಗೆ ಫೋನ್ ಮಾಡಿ ಕೇಳುತ್ತಿದ್ದರು. ಮನೆಯಲ್ಲಿ ಲ್ಯಾಂಡ್‌ಲೈನ್ ಇಡುವವರೇ ಕಡಿಮೆಯಾದಾಗ ಆ ಲೆಕ್ಕ ಹಳಿ ತಪ್ಪಿತು. 2018ರ ಹೊತ್ತಿಗೆ ಅಂಚೆಯಲ್ಲಿ ಪ್ರಶ್ನೆಪತ್ರ ಕಳಿಸುವ ಪದ್ಧತಿ ಬಂತು. ಹೊಸ ಲೆಕ್ಕದಲ್ಲಿ ಹವ್ಯಾಸಿಗಳ ಪ್ರಯಾಣದ ಸಂಖ್ಯೆ ಹಳೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಂತು. ಹಿಂದಿನ ವರ್ಷಗಳ ಅಂಕಿಗಳನ್ನೂ ಅದಕ್ಕೆ ತಕ್ಕಂತೆ ತಿದ್ದಿದರು. ಹಿಂದೆ ಎಷ್ಟು ಮೀನು ಹಿಡಿದರು ಅನ್ನುವುದರ ಆಧಾರದ ಮೇಲೆ ತಾನೇ ಪಾಲು ಹಂಚುವುದು? ಹಾಗಾಗಿ ಪಾಲೂ ಬದಲಾಯಿತು. ಕೊಲ್ಲಿಯ ರೆಡ್ ಗ್ರೂಪರ್ ಮೀನಿನಲ್ಲಿ ವೃತ್ತಿಯವರ ಪಾಲು ಶೇ. 76 ಇದ್ದದ್ದು 2022ರಲ್ಲಿ ಶೇ. 59.3ಕ್ಕೆ ಇಳಿಯಿತು.

ನೀರಿನಲ್ಲಿದ್ದ ಮೀನು ಅದೇ. ಹಿಡಿಯುತ್ತಿದ್ದ ಜನ ಅವರೇ. ಎಣಿಸುವ ರೀತಿ ಬದಲಾಯಿತು, ಕೆಲವು ಮನೆಗಳ ದುಡಿಮೆ ಕಡಿಮೆಯಾಯಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2023ರಲ್ಲಿ ಅಲ್ಲಿನ ಮೀನುಗಾರಿಕೆ ಇಲಾಖೆಯೇ ಆ ಪ್ರಶ್ನೆಪತ್ರವನ್ನು ಮತ್ತೆ ಪರೀಕ್ಷಿಸಿ ನೋಡಿತು. ಅದರಲ್ಲಿ "ಕಳೆದ ಎರಡು ತಿಂಗಳಲ್ಲಿ ಎಷ್ಟು ಸಲ ಹೋದಿರಿ?" ಅನ್ನುವುದು ಮೊದಲು, "ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ?" ಅನ್ನುವುದು ಆಮೇಲೆ ಇತ್ತು. ಈ ಎರಡು ಪ್ರಶ್ನೆಗಳ ಜಾಗ ಅದಲು ಬದಲು ಮಾಡಿ ಸಣ್ಣ ಪ್ರಮಾಣದಲ್ಲಿ ಕಳಿಸಿದರು. ವರ್ಷದ ಪ್ರಶ್ನೆ ಮೊದಲು ಕೇಳಿದಾಗ ಸಂಖ್ಯೆ ಶೇ. 30ರಿಂದ 40ರಷ್ಟು ಕಡಿಮೆ ಬಂತು. ಜನ ಬೇಕಂತ ತಪ್ಪು ಹೇಳಿದ್ದಲ್ಲ. ಯಾವತ್ತೋ ಹೋಗಿದ್ದ ಒಳ್ಳೆ ಪ್ರಯಾಣ ನೆನಪಿಗೆ ಬಂದರೆ ಅದನ್ನು ಎಲ್ಲಾದರೂ ಬರೆಯಬೇಕು ಅನಿಸುವುದು ಸಹಜ. ಮೊದಲು ಕಂಡ ಖಾಲಿ ಜಾಗದಲ್ಲಿ ಬರೆದಿರುತ್ತಾರೆ. ಈ ಪುಟ್ಟ ವಿಷಯವನ್ನು ಇಷ್ಟು ಹೊತ್ತು ಹೇಳಿದ್ದಕ್ಕೆ ಕಾರಣ ಇದೆ. ಪಾಲಿನ ಬಗ್ಗೆ ಕೂಗಾಡುವವರು ಬಹಳ. ಎಣಿಕೆಗೆ ಬೇಕಾದ ದುಡ್ಡು, ಜನ, ಸಮಯ ಕೊಡಿ ಅಂತ ಕೇಳುವವರು ತೀರಾ ಕಡಿಮೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಹಿಡಿದು ಬಿಟ್ಟ ಮೀನಿನ ವಿಷಯ.

ನಾನೂ ಗಾಳ ಹಾಕುವವನೇ. ಒಮ್ಮೆ ಆಳದ ನೀರಿನಿಂದ ಒಂದು ಮೀನು ಎಳೆದೆ. ಸುಮಾರು 40 ಮೀಟರ್ ಆಳ. ಅಳತೆ ಕಡಿಮೆ ಇತ್ತು, ಇಟ್ಟುಕೊಳ್ಳುವ ಹಾಗಿರಲಿಲ್ಲ. ಗಾಳ ಬಿಡಿಸಲು ಕೈಗೆ ತೆಗೆದುಕೊಂಡು ನೋಡಿದರೆ ಅದರ ಹೊಟ್ಟೆ ಬಲೂನಿನ ಹಾಗೆ ಬಿಗಿದಿತ್ತು. ಕಣ್ಣುಗುಡ್ಡೆ ಹೊರಗೆ ಉಬ್ಬಿತ್ತು. ಬಾಯೊಳಗಿಂದ ಗುಲಾಬಿ ಬಣ್ಣದ ಒಂದು ಚೀಲ ಆಚೆ ಬಂದಿತ್ತು. ಮೀನಿನ ಗಾಳಿಚೀಲ ಇದೇ ಇರಬೇಕು, ಚುಚ್ಚಿದರೆ ಗಾಳಿ ಹೋಗಿ ಅದು ಕೆಳಗೆ ಇಳಿಯುತ್ತದೆ ಅಂದುಕೊಂಡೆ. ಚುಚ್ಚಿದೆ. ಮೆಲ್ಲಗೆ ನೀರಿಗೆ ಬಿಟ್ಟೆ. ಅದು ಮಗುಚಿಕೊಂಡಿತು. ಬಾಲ ಎರಡು ಸಲ ಆಡಿತು. ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಾ ದೂರ ಹೋಯಿತು. ಕಡಲಹಕ್ಕಿಯೊಂದು ಅದರ ಮೇಲೆ ಇಳಿಯಿತು.

ಆಮೇಲೆ ಬಲ್ಲವರೊಬ್ಬರು ತಿಳಿಸಿ ಹೇಳಿದರು. ನಾನು ಚುಚ್ಚಿದ್ದು ಗಾಳಿಚೀಲವನ್ನಲ್ಲ, ಅದರ ಜಠರವನ್ನು. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 40 ಮೀಟರ್ ಕೆಳಗೆ ಒತ್ತಡ ಮೇಲಿನದರ 5 ಪಟ್ಟು. ಅಲ್ಲಿಂದ ಸರ್ರನೆ ಎಳೆದರೆ ಒಳಗಿನ ಗಾಳಿ ಐದು ಪಟ್ಟು ಹಿಗ್ಗಲು ನೋಡುತ್ತದೆ. ಗಾಳಿಚೀಲ ಉಬ್ಬಿ ಜಠರವನ್ನು ಬಾಯಿಂದ ಹೊರಗೆ ತಳ್ಳುತ್ತದೆ. ನಾನು ಆ ದಿನ ನನ್ನ ಪುಸ್ತಕದಲ್ಲಿ "ಬಿಟ್ಟದ್ದು: 1" ಅಂತ ಬರೆದಿದ್ದೆ. ಒಳ್ಳೆ ಕೆಲಸ ಮಾಡಿದ ಸಮಾಧಾನದಲ್ಲೇ ಬರೆದಿದ್ದೆ.

ಒಬ್ಬನ ಒಂದು ಮೀನು ಅಂತ ಬಿಡಬಹುದು. ಅಮೆರಿಕದ ಪೂರ್ವ ಕರಾವಳಿಯ ಸ್ಟ್ರೈಪ್ಡ್ ಬ್ಯಾಸ್ ಮೀನಿನ ಲೆಕ್ಕ ಕೇಳಿ. 1980ರ ದಶಕದಲ್ಲಿ ಅದು ಕುಸಿದಿತ್ತು. ಮೇರಿಲ್ಯಾಂಡ್ ರಾಜ್ಯ 1985ರಿಂದ ಐದು ವರ್ಷ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು. ಬೇರೆ ರಾಜ್ಯಗಳೂ ಬಿಗಿ ಮಾಡಿದವು. 1995ಕ್ಕೆ ಮೀನು ಚೇತರಿಸಿಕೊಂಡಿತು ಅಂತ ಘೋಷಿಸಿದರು. ಎಲ್ಲರೂ ಹೆಮ್ಮೆಪಟ್ಟ ಕೆಲಸ ಅದು. ಗಾಳದವರಲ್ಲಿ ಅಲ್ಲಿಂದ ಹಿಡಿದು ಬಿಡುವ ಸಂಸ್ಕೃತಿ ಬೆಳೆಯಿತು. ಹಿಡಿದ ಹೆಚ್ಚಿನ ಮೀನನ್ನು ವಾಪಸ್ ಬಿಡುತ್ತಿದ್ದರು. ಆದರೂ 2019ರಲ್ಲಿ ಬಂದ ವರದಿ ಮೀನು ಮತ್ತೆ ಸೊರಗಿದೆ ಅಂತ ಹೇಳಿತು. 2017ರಲ್ಲಿ ಮನುಷ್ಯರ ಕೈಯಿಂದ ಸತ್ತ ಬ್ಯಾಸ್ ಎಷ್ಟು, ಹೇಗೆ ಅಂತ ಎಣಿಸಿದಾಗ ಹೀಗಿತ್ತು. ಹವ್ಯಾಸಿಗಳು ಇಟ್ಟುಕೊಂಡದ್ದು ಶೇ. 42. ವೃತ್ತಿಯವರು ಹಿಡಿದದ್ದು ಶೇ. 8. ವೃತ್ತಿಯವರು ಎಸೆದದ್ದರಲ್ಲಿ ಸತ್ತದ್ದು ಶೇ. 2. ಹವ್ಯಾಸಿಗಳು ಬಿಟ್ಟ ಮೇಲೆ ಸತ್ತದ್ದು ಶೇ. 48.

ಬಿಟ್ಟ ಮೀನೇ ಎಲ್ಲಕ್ಕಿಂತ ಹೆಚ್ಚು ಸತ್ತಿತ್ತು. ಬಿಟ್ಟ ನೂರರಲ್ಲಿ ಸಾಯುವುದು ಒಂಬತ್ತು ಅಂತ ಅಲ್ಲಿ ಲೆಕ್ಕ ಹಿಡಿಯುತ್ತಾರೆ. ಒಂಬತ್ತು ಅಂದರೆ ಕಡಿಮೆಯೇ ಅಲ್ವಾ? ಆದರೆ ಕೋಟಿಗಟ್ಟಲೆ ಬಿಟ್ಟಾಗ ಆ ಒಂಬತ್ತೇ ಬೆಟ್ಟವಾಗುತ್ತದೆ. ಇಲ್ಲಿ ದುರಾಸೆ ಯಾರದ್ದೂ ಇಲ್ಲ. ಪ್ರೀತಿಯಿಂದ ಬಿಟ್ಟವರು, ಜೋಪಾನವಾಗಿ ಬಿಟ್ಟವರು. ಸಂಖ್ಯೆ ಮಾತ್ರ ಯಾರ ಮನಸ್ಸನ್ನೂ ನೋಡುವುದಿಲ್ಲ.

ಅದಕ್ಕೇ ನಾನು ಹೇಳುವುದು, ಪಾಲಿನ ಗೆರೆ ಎಳೆಯುವ ಮೊದಲು ಸತ್ತ ಮೀನೆಲ್ಲ ಎರಡೂ ಕಡೆಯ ಖಾತೆಗೆ ಬರಬೇಕು. ಮಾರಿದ್ದು, ತಿಂದದ್ದು ಮಾತ್ರ ಸಾಲದು. ಬಲೆಯಿಂದ ಎಸೆದದ್ದು, ಗಾಳದಿಂದ ಬಿಟ್ಟು ಆಮೇಲೆ ಸತ್ತದ್ದು, ಸೀಗಡಿಯ ಜೊತೆ ಬಂದ ಮರಿ, ಎಲ್ಲವೂ ಬರಬೇಕು. ನ್ಯೂಜಿಲೆಂಡಿನ 1996ರ ಮೀನುಗಾರಿಕೆ ಕಾಯ್ದೆಯಲ್ಲಿ ಈ ಮಾತು ಬರಹದಲ್ಲೇ ಇದೆ. ಮಂತ್ರಿಗಳು ಮೊದಲು ಒಟ್ಟು ಮಿತಿ ನೋಡಬೇಕು. ಅದರಿಂದ ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಸಾಂಪ್ರದಾಯಿಕ ಮೀನುಗಾರಿಕೆಗೆ, ಹವ್ಯಾಸಿಗಳಿಗೆ, ಹಾಗೇ ಮೀನು ಹಿಡಿಯುವಾಗ ಬೇರೆ ರೀತಿ ಸಾಯುವುದಕ್ಕೆ ಅಂತ ತೆಗೆದಿಡಬೇಕು. ಉಳಿದದ್ದು ವೃತ್ತಿಯವರ ಕೋಟಾ. ಹವ್ಯಾಸಿಗಳಿಗೆ ಮೊದಲ ಹಕ್ಕು ಇದೆ ಅಂತ ವಾದ ಮಾಡಿದಾಗ, 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೂಗಿ ನೋಡುವುದು ಮಂತ್ರಿಗಳ ಕೆಲಸ ಅಂದಿತು.

ಕಾಯ್ದೆ ಚೆನ್ನಾಗಿದ್ದರೂ ಮನಸ್ತಾಪ ತಪ್ಪುವುದಿಲ್ಲ. 2014ರಲ್ಲಿ ಆ ದೇಶದ ಉತ್ತರದ ಒಂದು ದೊಡ್ಡ ಸ್ನ್ಯಾಪರ್ ಪ್ರದೇಶದಲ್ಲಿ ಹವ್ಯಾಸಿಗಳ ಮಿತಿಯನ್ನು ದಿನಕ್ಕೆ 9ರಿಂದ 7ಕ್ಕೆ ಇಳಿಸಿದರು. ಕನಿಷ್ಠ ಅಳತೆ 27 ಸೆಂ.ಮೀ. ಇದ್ದದ್ದು 30 ಆಯಿತು. ವೃತ್ತಿಯವರ ಅಳತೆ 25 ಸೆಂ.ಮೀ.ನಲ್ಲೇ ಉಳಿಯಿತು. "ನಾನು ಬಿಟ್ಟ ಮೀನನ್ನು ಅವನು ಹಿಡಿದು ಮಾರುತ್ತಾನೆ" ಅಂತ ಗಾಳದವರಿಗೆ ಅನಿಸಿದರೆ ತಪ್ಪೇ? ಬಲೆಗೆ ಬಿದ್ದ ಸಣ್ಣ ಮೀನನ್ನು ಎಸೆದರೂ ಅದು ಬದುಕುವುದು ಕಷ್ಟ, ಹಾಗಿರುವಾಗ ಎಸೆಯುವುದಕ್ಕಿಂತ ತರುವುದೇ ಮೇಲು ಅಂತ ವೃತ್ತಿಯವರು ಹೇಳಿದರೆ ಅದೂ ತಪ್ಪಲ್ಲ. ಈ ಎರಡೂ ಮಾತನ್ನು ಒಂದೇ ಕೋಣೆಯಲ್ಲಿ, ಮುಖಾಮುಖಿಯಾಗಿ ಆಡಬೇಕು.

ದುಡ್ಡಿನ ವಾದದ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಹವ್ಯಾಸಿಗಳು ಒಂದು ಮೀನಿಗಾಗಿ ಬೋಟು, ಇಂಧನ, ಗಾಳ, ಹೋಟೆಲು ಅಂತ ಎಷ್ಟೋ ಖರ್ಚು ಮಾಡುತ್ತಾರೆ. ಅದೇ ಮೀನು ಮಾರುಕಟ್ಟೆಯಲ್ಲಿ ತರುವುದು ಕಡಿಮೆ. ಹಾಗಾಗಿ ಮೀನನ್ನೆಲ್ಲ ಹವ್ಯಾಸಿಗಳಿಗೇ ಕೊಡಿ ಅನ್ನುವ ವಾದ ಇದೆ. ನಾನು ಒಪ್ಪುವುದಿಲ್ಲ. ಖರ್ಚು ಬೇರೆ, ಬೆಲೆ ಬೇರೆ. ಅಲ್ಲದೆ ಈ ಲೆಕ್ಕದಲ್ಲಿ ಒಬ್ಬರು ಬಿಟ್ಟೇ ಹೋಗಿದ್ದಾರೆ. ಬೋಟೂ ಇಲ್ಲದ, ಗಾಳವೂ ಇಲ್ಲದ, ಸಮುದ್ರವನ್ನೇ ನೋಡದ ಜನ. ಮೀನು ಎಲ್ಲರದ್ದೂ ಅಂದಮೇಲೆ ಅವರದ್ದೂ ಹೌದು. ಅವರ ಪಾಲಿನ ಮೀನು ಅವರ ತಟ್ಟೆಗೆ ಬರುವುದು ವೃತ್ತಿ ಮೀನುಗಾರನ ಕೈಯಿಂದ ಮಾತ್ರ.

ಪಾಲು ಕಲ್ಲಿನಲ್ಲಿ ಕೆತ್ತಿದ ಹಾಗೆ ಇರಬೇಕಾಗಿಲ್ಲ. ಅಲಾಸ್ಕಾದಲ್ಲಿ ಹಾಲಿಬಟ್ ಮೀನಿಗೆ 2014ರಿಂದ ಒಂದು ದಾರಿ ಮಾಡಿದ್ದಾರೆ. ಹವ್ಯಾಸಿಗಳನ್ನು ಬಾಡಿಗೆ ಬೋಟಿನಲ್ಲಿ ಕರೆದೊಯ್ಯುವವರು ವೃತ್ತಿಯವರ ಕೋಟಾದಿಂದ ಆ ವರ್ಷಕ್ಕೆ ಬೇಕಾದಷ್ಟನ್ನು, ಒಂದು ಮಿತಿಯೊಳಗೆ, ಗುತ್ತಿಗೆ ಪಡೆಯಬಹುದು. ಕೊಡುವವನು ಮನಸ್ಸಿದ್ದು ಕೊಡುತ್ತಾನೆ, ಪಡೆಯುವವನು ಬೆಲೆ ಕೊಟ್ಟು ಪಡೆಯುತ್ತಾನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2011ರಿಂದಲೇ ಇಂಥ ಪ್ರಯೋಗ ಇದೆ. ನ್ಯಾಯಾಲಯದಲ್ಲಿ ಕಿತ್ತುಕೊಳ್ಳುವುದಕ್ಕಿಂತ ಇದು ವಾಸಿ. ಆದರೆ ದುಡ್ಡಿಲ್ಲದ, ದಡದಲ್ಲಿ ನಿಂತು ಗಾಳ ಹಾಕುವವನಿಗೆ ಇದರಿಂದ ಏನೂ ಸಿಗುವುದಿಲ್ಲ ಅನ್ನುವುದು ನೆನಪಿರಲಿ.

ಕಷ್ಟ ಬಂದಾಗ ಇಬ್ಬರೂ ಹೊರಬೇಕು ಅನ್ನುವುದಕ್ಕೆ ಯುರೋಪಿನ ಸೀ ಬ್ಯಾಸ್ ಉದಾಹರಣೆ ಹೇಳುತ್ತೇನೆ. 2015ರಲ್ಲಿ ಮೀನು ತೀರಾ ಕಡಿಮೆಯಾದಾಗ ಮೊದಲು ಮೊಟ್ಟೆ ಇಡುವ ಕಾಲದ ಟ್ರಾಲಿಂಗ್ ನಿಲ್ಲಿಸಿದರು. ಆಮೇಲೆ ಹವ್ಯಾಸಿಗೆ ದಿನಕ್ಕೆ 3 ಮೀನು ಅಂತ ಮಿತಿ ಹಾಕಿದರು. ಕನಿಷ್ಠ ಅಳತೆಯನ್ನು 36ರಿಂದ 42 ಸೆಂ.ಮೀ.ಗೆ ಏರಿಸಿದರು. 2016ರಲ್ಲಿ ಹವ್ಯಾಸಿಗಳಿಗೆ ಮೊದಲ ಆರು ತಿಂಗಳು ಹಿಡಿದು ಬಿಡುವುದಷ್ಟೇ, ಆಮೇಲೆ ದಿನಕ್ಕೆ ಒಂದೇ ಒಂದು. ಮೀನು ಸ್ವಲ್ಪ ಚೇತರಿಸಿಕೊಂಡ ಮೇಲೆ 2020ರಲ್ಲಿ ದಿನಕ್ಕೆ ಎರಡು ಮಾಡಿದರು. ಇಬ್ಬರೂ ಗೊಣಗಿದರು. ಆದರೆ ಇಳಿಸಿದಾಗ ಇಬ್ಬರಿಗೂ ಇಳಿಸಿದರು.

ಇಷ್ಟು ಹೇಳಿ ಮುಗಿಸಿದಾಗ ಸಭೆಯಿಂದ ಪ್ರಶ್ನೆಗಳು ಬಂದವು.

ಬೋಟಿನ ಮಾಲೀಕರೊಬ್ಬರು ಕೇಳಿದರು: "ದೊಡ್ಡ ಮೀನು ಹಿಡಿಯಬೇಡಿ, ಸಣ್ಣದೂ ಹಿಡಿಯಬೇಡಿ, ನಡುವಿನದ್ದು ಮಾತ್ರ ಅಂತ ನಿಯಮ ಮಾಡುತ್ತಾರಲ್ಲ ಸರ್, ಅದು ಯಾಕೆ? ಸಣ್ಣದು ಸರಿ, ದೊಡ್ಡದು ಬದುಕಿ ಮುಗಿಸಿದ್ದು ಅಲ್ವಾ?"

ನಾನು ಹೇಳಿದೆ: ಅಲ್ಲ ಸ್ವಾಮಿ, ದೊಡ್ಡದೇ ಮನೆ ನಡೆಸುವ ತಾಯಿ. ರೆಡ್ ಸ್ನ್ಯಾಪರ್‌ನಲ್ಲಿ 61 ಸೆಂ.ಮೀ. ಉದ್ದದ ಒಂದು ಹೆಣ್ಣು ಇಡುವಷ್ಟು ಮೊಟ್ಟೆ ಇಡಲು 42 ಸೆಂ.ಮೀ. ಉದ್ದದ 212 ಹೆಣ್ಣುಗಳು ಬೇಕು ಅಂತ ಲೆಕ್ಕ ಹಾಕಿದ್ದಾರೆ. ಉದ್ದ ಒಂದೂವರೆ ಪಟ್ಟು ಕೂಡ ಇಲ್ಲ, ಮೊಟ್ಟೆ ಇನ್ನೂರು ಪಟ್ಟು. ಸ್ಟ್ರೈಪ್ಡ್ ಬ್ಯಾಸ್‌ಗೆ ಕರಾವಳಿಯಲ್ಲಿ 2023ರಿಂದ 71ರಿಂದ 79 ಸೆಂ.ಮೀ. ನಡುವಿನದ್ದನ್ನು ಮಾತ್ರ ಹವ್ಯಾಸಿಗಳು ಇಟ್ಟುಕೊಳ್ಳಬಹುದು. ಫೋಟೋ ತೆಗೆಸಿಕೊಳ್ಳುವ ಆಸೆ ದೊಡ್ಡ ಮೀನಿನ ಮೇಲೇ ಇರುತ್ತದೆ, ನನಗೂ ಇದೆ. ಆದರೆ ಆ ಮೀನು ನೀರಿಗೆ ವಾಪಸ್ ಹೋಗಬೇಕು. ಬದುಕಿ ಹೋಗಬೇಕು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತಳು. "ಹಾಗಾದರೆ ಹಿಡಿದು ಬಿಡುವುದನ್ನು ನಿಲ್ಲಿಸಿಬಿಡಬೇಕಾ? ಬಿಟ್ಟರೂ ಸಾಯುತ್ತದೆ ಅಂದರೆ ನಾವು ಏನು ಮಾಡಬೇಕು?"

ಒಳ್ಳೆ ಪ್ರಶ್ನೆ. ನಿಲ್ಲಿಸಬೇಕಾಗಿಲ್ಲ ಅಮ್ಮ. ಸಾಯುವುದನ್ನು ಕಡಿಮೆ ಮಾಡಲು ದಾರಿಗಳಿವೆ. ತುದಿ ಒಳಕ್ಕೆ ಬಾಗಿದ ದುಂಡು ಗಾಳ ಬಳಸಿದರೆ ಅದು ಹೊಟ್ಟೆಯೊಳಗೆ ಇಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಸ್ಟ್ರೈಪ್ಡ್ ಬ್ಯಾಸ್‌ಗೆ ಎರೆ ಹಾಕಿ ಹಿಡಿಯುವವರಿಗೆ 2021ರಿಂದ ಅದು ಕಡ್ಡಾಯ. ನೀರು ಬಿಸಿಯಾದ ದಿನಗಳಲ್ಲಿ ಹಿಡಿಯದೇ ಇರುವುದು ಒಳ್ಳೆಯದು, ಆಗ ಬಿಟ್ಟ ಮೀನು ಜಾಸ್ತಿ ಸಾಯುತ್ತದೆ. ಕೈ ಒದ್ದೆ ಮಾಡಿಕೊಂಡು ಮುಟ್ಟಬೇಕು, ಒಣ ಕೈಗೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ನೀರಿನಿಂದ ಹೊರಗೆ ಇಡುವ ಹೊತ್ತು ಆದಷ್ಟು ಕಡಿಮೆ ಇರಲಿ. ಮಿತಿಯಷ್ಟು ಮೀನು ಸಿಕ್ಕಮೇಲೆ ಸುಮ್ನೆ ಹಿಡಿಯುತ್ತಾ ಬಿಡುತ್ತಾ ಕೂರದೆ ಗಾಳ ಸುತ್ತಿಡಬೇಕು. ಇದು ನನಗೇ ಬಹಳ ಕಷ್ಟವಾದದ್ದು.

ಆಳದ ಮೀನಿಗೆ ಇನ್ನೊಂದು ಉಪಕರಣ ಇದೆ. ತೂಕ ಕಟ್ಟಿದ ಒಂದು ಕ್ಲಿಪ್ಪು. ಉಬ್ಬಿದ ಮೀನಿನ ಕೆಳದವಡೆಗೆ ಸಿಕ್ಕಿಸಿ, ದಾರ ಬಿಡುತ್ತಾ ಕೆಳಗೆ ಇಳಿಸಬೇಕು. ಗೊತ್ತುಮಾಡಿದ ಆಳಕ್ಕೆ ಹೋದಾಗ ನೀರಿನ ಒತ್ತಡಕ್ಕೆ ಕ್ಲಿಪ್ಪು ತಾನಾಗಿ ಬಾಯಿ ಬಿಡುತ್ತದೆ. ಅಷ್ಟರಲ್ಲಿ ಹಿಗ್ಗಿದ ಗಾಳಿ ಕುಗ್ಗಿರುತ್ತದೆ. ಮೆಕ್ಸಿಕೋ ಕೊಲ್ಲಿಯಲ್ಲಿ ಬಂಡೆ ಮೀನು ಹಿಡಿಯುವ ಬೋಟಿನಲ್ಲಿ, ವೃತ್ತಿಯವರದ್ದಾಗಲಿ ಹವ್ಯಾಸಿಗಳದ್ದಾಗಲಿ, 2022ರ ಜನವರಿಯಿಂದ ಇದನ್ನೋ ಇಲ್ಲವೇ ಗಾಳಿಚೀಲದ ಗಾಳಿ ತೆಗೆಯುವ ಸರಿಯಾದ ಸೂಜಿಯನ್ನೋ ಇಟ್ಟುಕೊಂಡೇ ಇರಬೇಕು ಅಂತ ಕಾನೂನು ಬಂದಿತ್ತು. ನನ್ನ ಹತ್ತಿರ ಈಗ ಒಂದಿದೆ. ಮೊದಲ ಸಲ ಇಳಿಸಿದಾಗ ದಾರ ಬಿಗಿಯಾಗಿತ್ತು, ಆಮೇಲೆ ಕೆಳಗೆ ಒಂದು ಸಣ್ಣ ಜಗ್ಗು, ಮತ್ತೆ ದಾರ ಹಗುರವಾಯಿತು. ಎಳೆದು ನೋಡಿದರೆ ಖಾಲಿ ಕ್ಲಿಪ್ಪು ಬಂತು.

ಹಾಗೇ, ನಿಮ್ಮ ಪುಸ್ತಕದಲ್ಲಿ ಬರೆದಿಡಿ. ನಾನು ಈಗ ಮೂರು ಸಾಲು ಬರೆಯುತ್ತೇನೆ. ಇಟ್ಟದ್ದು ಎಷ್ಟು. ಬಿಟ್ಟದ್ದು ಎಷ್ಟು. ಬಿಟ್ಟಮೇಲೆ ತೇಲಿ ಹೋದದ್ದು ಎಷ್ಟು.